ಹಳೇ ಪಟರ್ ಕೊಡುವ ಸುದ್ದಿ

ಗಾಲ್ಫ್ ಆಡುವವರ ಬ್ಯಾಗಿನಲ್ಲಿ ನಿಯಮದ ಪ್ರಕಾರ 14 ಕೋಲು ಇರಬಹುದು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಕೋಲು ಅಂತ ನಾನು ಅಂತೀನಿ, ಅವರು ಕ್ಲಬ್ ಅಂತಾರೆ. ದುಡ್ಡಿದ್ದವರು ಇವುಗಳಲ್ಲಿ ಹೆಚ್ಚಿನವನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಾಯಿಸುತ್ತಲೇ ಇರುತ್ತಾರೆ. ಈ ವರ್ಷದ್ದು ಹೋದ ವರ್ಷದ್ದಕ್ಕಿಂತ ದೂರ ಹೊಡೆಯುತ್ತೆ ಅಂತ ಜಾಹೀರಾತು ಬರುತ್ತದೆ, ಇವರು ಅಂಗಡಿಗೆ ಹೋಗುತ್ತಾರೆ. ಆದರೆ ಅದೇ ಬ್ಯಾಗಿನ ಒಂದು ಮೂಲೆಯಲ್ಲಿ ಬಣ್ಣ ಎದ್ದುಹೋದ, ಅಂಚು ಸವೆದ ಒಂದು ಕೋಲು ಇರುತ್ತದೆ. ಅದನ್ನು ಯಾರಾದರೂ ಸುಮ್ಮನೆ ಎತ್ತಿ ನೋಡಿದರೂ ಮಾಲೀಕರ ಕಣ್ಣು ಅದರ ಮೇಲೆಯೇ. ಮಾರಿ ಅಂದರೆ ಮಾರಲ್ಲ, ಎರವಲು ಅಂತೂ ಕೊಡೋದೇ ಇಲ್ಲ. ಅದು ಪಟರ್.

“ನಮ್ಮ ಶಹಾಬಾದ್, ವಾಡಿ ಕಡೆ ಗಾಲ್ಫ್ ಎಲ್ಲಿ ಅದ ರೀ? ಇದನ್ಯಾಕ ಬರೀಲಕತ್ತೀರಿ?” ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ನಮ್ಮ ಕಡೆ ಕೋಲಿನಲ್ಲಿ ಹೊಡೆಯುವ ಆಟ ಅಂದರೆ ಚಿಣ್ಣಿ-ದಾಂಡು, ಗುರಿ ಇಟ್ಟು ಉರುಳಿಸುವ ಆಟ ಅಂದರೆ ಗೋಲಿ. ನಾನು ಶಹಾಬಾದ್‌ನವನು, ಹೊಟ್ಟೆಪಾಡು ಬೆಂಗಳೂರಿನಲ್ಲಿ. ಸೇಡಂ, ಚಿತ್ತಾಪುರ, ಚಿಂಚೋಳಿಯಿಂದ ಬಂದು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ನನ್ನಂಥವರು ಬೇಕಾದಷ್ಟು ಮಂದಿ ಇದ್ದೀರಿ. ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ಗಾಲ್ಫ್ ಅಭ್ಯಾಸದ ಮೈದಾನಕ್ಕೆ ಹೋದೆ. ಗಂಟೆಗಿಷ್ಟು ಅಂತ ಕೊಟ್ಟರೆ ಚೆಂಡಿನ ಬುಟ್ಟಿ, ಬಾಡಿಗೆ ಕೋಲು ಎರಡೂ ಸಿಗುತ್ತವೆ. ಆಟ ನನಗೆ ಇವತ್ತಿಗೂ ಅಷ್ಟಕ್ಕಷ್ಟೇ. ಆದರೆ ಈ ಹಳೇ ಪಟರ್ ಪ್ರೀತಿ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಅದು ಅರ್ಥವಾಗಿದ್ದು ಗಾಲ್ಫ್ ಮೈದಾನದಲ್ಲಿ ಅಲ್ಲ, ಶಹಾಬಾದಿನಲ್ಲಿ ನಮ್ಮ ಕಾಕಾನ ಸುತ್ತಿಗೆ ಕಂಡಾಗ. ಅಲ್ಲಿಗೆ ಆಮೇಲೆ ಬರ್ತೀನಿ.

ಅರ್ಧ ಆಟ ಇದರಲ್ಲೇ

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಪೂರ್ತಿ ಮೈದಾನದಲ್ಲಿ 18 ಕುಳಿ. ದೂರದಿಂದ ಹೊಡೆದು ಹೊಡೆದು ಚೆಂಡನ್ನು ಕುಳಿಯ ಸುತ್ತ ಇರುವ ನುಣ್ಣನೆ ಹುಲ್ಲಿನ ತನಕ ತರಬೇಕು. ಆ ಹುಲ್ಲಿನ ಜಾಗಕ್ಕೆ ಗ್ರೀನ್ ಅಂತಾರೆ. ಅಲ್ಲಿ ಚೆಂಡನ್ನು ಸಾಮಾನ್ಯವಾಗಿ ಹಾರಿಸುವುದಿಲ್ಲ, ಉರುಳಿಸುತ್ತಾರೆ. ಉರುಳಿಸುವ ಕೋಲೇ ಪಟರ್.

ಸಾಮಾನ್ಯವಾಗಿ ಒಂದು ಸುತ್ತಿಗೆ 72 ಹೊಡೆತದ ಲೆಕ್ಕ. ಪ್ರತಿ ಗ್ರೀನ್‌ನಲ್ಲಿ ಎರಡು ಸಲ ಉರುಳಿಸಬಹುದು ಅಂತ ಹಿಡಿದೇ ಆ ಲೆಕ್ಕ ಹಾಕಿದ್ದಾರೆ. ಅಂದರೆ 18 ಎರಡ್ಲಿ 36. ಅರ್ಧಕ್ಕೆ ಅರ್ಧ ಆಟ ಈ ಒಂದು ಕೋಲಿನ ಪಾಲು. ಉಳಿದ 13 ಕೋಲು ಸೇರಿ ಇನ್ನರ್ಧ.

ಕುಳಿಯ ಅಗಲ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಮೂರು ಮೀಟರ್ ದೂರದಿಂದ ಉರುಳಿಸುವಾಗ ಚೆಂಡು ಒಂದೇ ಒಂದು ಡಿಗ್ರಿ ಓರೆ ಹೊರಟರೆ, ಕುಳಿ ತಲುಪುವಷ್ಟರಲ್ಲಿ ಐದು ಸೆಂಟಿಮೀಟರ್‌ಗೂ ಸ್ವಲ್ಪ ಹೆಚ್ಚು ಆಚೆ ಹೋಗಿರುತ್ತದೆ. ಕುಳಿಯ ನಡುವಿನಿಂದ ಅಂಚಿನ ತನಕ ಇರುವುದೇ ಅಷ್ಟು. ಒಂದು ಡಿಗ್ರಿ ಅಂದರೆ ಗಡಿಯಾರದ ನಿಮಿಷದ ಮುಳ್ಳು ಹತ್ತು ಸೆಕೆಂಡಿನಲ್ಲಿ ಸರಿಯುವಷ್ಟು. ಕಣ್ಣಿಗೆ ಕಾಣಲ್ಲ, ಕೈಗಷ್ಟೇ ಗೊತ್ತಾಗಬೇಕು.

ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದ್ದನ್ನು ನೀವು ಮರೆತಿರಲಿಕ್ಕಿಲ್ಲ. 2021ರ ಆಗಸ್ಟ್ 7, ಶನಿವಾರ. ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದ ಮನೆಗಳಲ್ಲೂ ಅವತ್ತು ಬೆಳಿಗ್ಗೆ ಟಿವಿ ಹಚ್ಚಿ ಕೂತಿದ್ದರು. ದೂರ ಹೊಡೆಯುವುದರಲ್ಲಿ ಆಕೆ ಬೇರೆಯವರಿಗಿಂತ ಹಿಂದೆ. ಆ ಕೊರತೆಯನ್ನೆಲ್ಲ ತುಂಬಿದ್ದು ಪಟಿಂಗ್. ನಾಲ್ಕು ದಿನ ಆಡಿ ಕೊನೆಗೆ ನಾಲ್ಕನೇ ಸ್ಥಾನ. ಕಂಚಿನ ಪದಕಕ್ಕೂ ಆಕೆಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ಇಂಥ ಕೆಲಸ ಮಾಡುವ ಕೋಲನ್ನು ಯಾರಾದರೂ ಸುಲಭಕ್ಕೆ ಕೈಬಿಡುತ್ತಾರಾ?

ಕೊಡತಿ ತಲೆಯ ಕಥೆ

ಪಟರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಬ್ಲೇಡ್. ತೆಳ್ಳಗೆ, ಪಟ್ಟಿಯ ಹಾಗೆ ಇರುತ್ತದೆ. ಇನ್ನೊಂದು ಮ್ಯಾಲೆಟ್. ನಮ್ಮ ಬಡಗಿಗಳ ಕೊಡತಿ ಇದೆಯಲ್ಲ, ಹಾಗೆ ತಲೆ ದಪ್ಪ, ಹಿಂದಕ್ಕೆ ಚಾಚಿಕೊಂಡಿರುತ್ತದೆ. ಇವತ್ತು “ಆಹಾ, ಹಳೇ ಕಾಲದ ಮ್ಯಾಲೆಟ್” ಅಂತ ಜನ ಮುದ್ದು ಮಾಡುವ ಈ ಕೊಡತಿ ತಲೆ ಹುಟ್ಟಿದಾಗ ಅದಕ್ಕೆ ಸಿಕ್ಕಿದ್ದು ಬೈಗುಳ.

ಅಮೆರಿಕದ ಸ್ಕೆನೆಕ್ಟಡಿ ಅನ್ನುವ ಊರಿನಲ್ಲಿ ಆರ್ಥರ್ ನೈಟ್ ಅಂತ ಒಬ್ಬರಿದ್ದರು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್. 1900ರ ದಶಕದ ಆರಂಭದಲ್ಲಿ ಅವರು ಹೊಸ ಬಗೆಯ ಪಟರ್ ಮಾಡಿದರು. ತಲೆ ದಪ್ಪ, ಹಿಡಿಕೋಲು ತಲೆಯ ತುದಿಗೆ ಬದಲು ನಡುವಿಗೆ ಹತ್ತಿರ. ಅದಕ್ಕೆ ಊರಿನ ಹೆಸರೇ ಬಂತು, ಸ್ಕೆನೆಕ್ಟಡಿ ಪಟರ್. 1904ರಲ್ಲಿ ವಾಲ್ಟರ್ ಟ್ರಾವಿಸ್ ಅನ್ನುವ ಆಟಗಾರ ಅದನ್ನು ಹಿಡಿದು ಇಂಗ್ಲೆಂಡಿಗೆ ಹೋದರು. ವಯಸ್ಸು 42. ಗಾಲ್ಫ್ ಕಲಿತದ್ದೇ 35ರ ಹತ್ತಿರ ಬಂದ ಮೇಲೆ. ಅಂಥವರು ಅಲ್ಲಿಯ ಬ್ರಿಟಿಷ್ ಅಮೆಚೂರ್ ಪಂದ್ಯಾವಳಿ ಗೆದ್ದುಬಿಟ್ಟರು. ಹೊರಗಿನವರು ಅದನ್ನು ಗೆದ್ದದ್ದು ಅದೇ ಮೊದಲು. ಇಂಗ್ಲಿಷರಿಗೆ ಹೊಟ್ಟೆಯಲ್ಲಿ ಖಾರ ಕಲಸಿದ ಹಾಗಾಯಿತು.

1910ರಲ್ಲಿ ಬ್ರಿಟನ್ನಿನ ಗಾಲ್ಫ್ ನಿಯಮ ಮಾಡುವವರು ಇಂಥ ಪಟರ್‌ಗೆ ನಿಷೇಧ ಹಾಕಿದರು. ಅಮೆರಿಕದವರು ಆ ನಿಷೇಧ ಒಪ್ಪಲಿಲ್ಲ. ಎರಡೂ ಕಡೆಯವರು ಕೂತು ನಿಯಮ ಒಂದು ಮಾಡಿಕೊಂಡದ್ದು 1951ರಲ್ಲಿ. ಆಗ ಆ ನಿಷೇಧ ತೆರವಾಯಿತು. ನಾಲ್ಕು ದಶಕ!

ಈ ಕಥೆ ಯಾಕೆ ಹೇಳಿದೆ ಅಂದರೆ, ಹಳೇ ಪಟರ್ ಮೇಲಿನ ಪ್ರೀತಿಯನ್ನು ನಾನು ಮೊದಲು ಬರೀ ಸಂಪ್ರದಾಯ ಅಂದುಕೊಂಡಿದ್ದೆ. “ನಮ್ಮ ಮುತ್ಯಾನ ಕಾಲದ್ದು” ಅಂತ ಕೆಲವರು ಎಲ್ಲದಕ್ಕೂ ಅಂಟಿಕೊಂಡಿರುತ್ತಾರಲ್ಲ, ಹಾಗೆ. ಆದರೆ ಮ್ಯಾಲೆಟ್ ಸಂಪ್ರದಾಯದ ಕೂಸೇ ಅಲ್ಲ. ಅದು ಬಂದಾಗೆಲ್ಲ ಹೊಸದಾಗಿ, ವಿಚಿತ್ರವಾಗಿಯೇ ಬಂದಿದೆ. 1986ರಲ್ಲಿ ಜ್ಯಾಕ್ ನಿಕ್ಲಾಸ್ ತಮ್ಮ 46ನೇ ವಯಸ್ಸಿನಲ್ಲಿ ಮಾಸ್ಟರ್ಸ್ ಗೆದ್ದಾಗ ಕೈಯಲ್ಲಿದ್ದದ್ದೂ ಇಷ್ಟು ದೊಡ್ಡ ತಲೆಯ, ನೋಡಿದವರು ನಗುವಂಥ ಪಟರ್. ಆಮೇಲೆ 2001ರಲ್ಲಿ ಒಡಿಸ್ಸಿ ಕಂಪನಿಯ ಟು-ಬಾಲ್ ಬಂತು. ತಲೆಯ ಹಿಂಭಾಗದಲ್ಲಿ ಚೆಂಡಿನಷ್ಟೇ ಅಗಲದ ಎರಡು ಬಿಳಿ ಬಿಲ್ಲೆ. ಹುಲ್ಲಿನ ಮೇಲಿನ ಚೆಂಡು ಸೇರಿ ಮೂರೂ ಒಂದೇ ಸಾಲಿನಲ್ಲಿ ಕಂಡರೆ ಗುರಿ ಸರಿಯಾಗಿದೆ ಅಂತ ಅರ್ಥ. ಅದರ ಹಿಂದಿನ ಯೋಚನೆ ಡೇವ್ ಪೆಲ್ಜ್ ಅವರದ್ದು, ನಾಸಾದಲ್ಲಿ ವಿಜ್ಞಾನಿಯಾಗಿದ್ದವರು. ಅದಕ್ಕೂ ಮುಂಚೆ ಅವರು ಮೂರು ಚೆಂಡಿನ ಆಕಾರದ ಪಟರ್ ಮಾಡಿದ್ದರು, ನಿಯಮಕ್ಕೆ ಹೊಂದಲ್ಲ ಅಂತ ಅದನ್ನೂ ತಳ್ಳಿಹಾಕಿದ್ದರು.

ಹಾಗಾದರೆ ಹೊಸದಾಗಿ ಬಂದ ವಿಚಿತ್ರ ವಸ್ತು ಇಪ್ಪತ್ತು-ಮೂವತ್ತು ವರ್ಷದಲ್ಲಿ ಜೀವದ ಗೆಳೆಯ ಆಗುವುದು ಹೇಗೆ?

ಮೈದಾನದ ಸರ್ ಹೇಳಿದ್ದು

ನಾನು ಹೋಗುವ ಮೈದಾನಕ್ಕೆ ಒಬ್ಬರು ಹಿರಿಯರು ಬರುತ್ತಾರೆ. ಬ್ಯಾಂಕಿನಲ್ಲಿ ಇದ್ದು ನಿವೃತ್ತರಾದವರು, ಅರವತ್ತಾರು-ಅರವತ್ತೇಳು ಇರಬಹುದು. ಎಲ್ಲರೂ ಅವರನ್ನು ಸರ್ ಅಂತಲೇ ಕರೆಯೋದು. ಅವರದ್ದು ಟು-ಬಾಲ್ ಪಟರ್, ಸೆಕೆಂಡ್ ಹ್ಯಾಂಡ್ ತಗೊಂಡದ್ದಂತೆ. ಬಿಳಿ ಬಿಲ್ಲೆಗಳು ಈಗ ಹಳದಿಗೆ ತಿರುಗಿವೆ. ಒಂದು ಮೂಲೆಯಲ್ಲಿ ನೆಗ್ಗಿದೆ.

ಸರ್‌ಗೆ ಇತ್ತೀಚೆಗೆ ಬಲಗೈ ಸ್ವಲ್ಪ ನಡುಗುತ್ತದೆ. ಹೊರದೇಶದಲ್ಲಿರುವ ಮಗಳಿಗೆ ವಿಡಿಯೋ ಕಾಲ್‌ನಲ್ಲಿ ಅದು ಕಂಡಿದೆ. ಆಕೆ ಇನ್ನೂ ದೊಡ್ಡ ತಲೆಯ, ಹೊಸ ಬಗೆಯ ಮ್ಯಾಲೆಟ್ ಕಳಿಸಿದ್ದಾರೆ. ಇವರು ಒಂದು ತಿಂಗಳು ಅದರಲ್ಲೇ ಆಡಿದರು. ಆಮೇಲೆ ಒಂದು ದಿನ ನೋಡಿದರೆ ಮತ್ತೆ ಹಳೇದು ಕೈಯಲ್ಲಿತ್ತು.

“ಯಾಕೆ ಸರ್, ಹೊಸದು ಚೆನ್ನಾಗಿಲ್ವಾ?”

“ತುಂಬಾ ಚೆನ್ನಾಗಿದೆಯಪ್ಪ. ಇದಕ್ಕಿಂತ ಒಳ್ಳೆಯದೇ ಅದು. ಆದರೆ ಅದರಲ್ಲಿ ಚೆಂಡು ತಪ್ಪಿದಾಗ ಯಾಕೆ ತಪ್ಪಿತು ಅಂತ ನನಗೆ ಗೊತ್ತಾಗಲ್ಲ. ಕೈ ನಡುಗಿತಾ? ನಿಂತದ್ದು ಸರಿ ಇರಲಿಲ್ವಾ? ಹುಲ್ಲಿನ ಇಳಿಜಾರು ನೋಡಿದ್ದು ತಪ್ಪಾ? ಏನೂ ತಿಳಿಯಲ್ಲ. ಇದರಲ್ಲಾದ್ರೆ ಸದ್ದಿನಲ್ಲೇ ಗೊತ್ತಾಗುತ್ತೆ.”

ಸದ್ದು ಅಂದಾಗ ನನಗೆ ವಿಚಿತ್ರ ಅನಿಸಿತು. ಆಮೇಲೆ ಹುಡುಕಿ ಓದಿದೆ. ಪಿಂಗ್ ಅನ್ನೋ ದೊಡ್ಡ ಗಾಲ್ಫ್ ಕಂಪನಿಯ ಹೆಸರು ಬಂದದ್ದೇ ಒಂದು ಪಟರ್ ಮಾಡುವ ಸದ್ದಿನಿಂದ. ಕಾರ್ಸ್ಟನ್ ಸೋಲ್ಹೈಮ್ ಅನ್ನುವವರು, ಅವರೂ ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್, 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಒಂದು ಪಟರ್ ಮಾಡಿದರು. ಚೆಂಡಿಗೆ ತಾಗಿದರೆ “ಪಿಂಗ್” ಅಂತಿತ್ತು. ಅದೇ ಹೆಸರಾಯಿತು.

ಸೋಲ್ಹೈಮ್ ಅವರ ದೊಡ್ಡ ಕೆಲಸ ಬೇರೆ. ತಲೆಯ ತೂಕವನ್ನು ನಡುವಿನಿಂದ ತೆಗೆದು ಎರಡೂ ತುದಿಗೆ ಹಂಚಿದರು. ಹಾಗೆ ಮಾಡಿದರೆ ಚೆಂಡು ಸರಿಯಾಗಿ ನಡುವಿಗೆ ತಾಗದಿದ್ದರೂ ತಲೆ ಅಷ್ಟಾಗಿ ತಿರುಗಲ್ಲ. ತಲೆ ಹೊತ್ತವರು ಎರಡು ಕೈಯಲ್ಲಿ ಎರಡು ಕೊಡ ಹಿಡಿದು ನಡೆದರೆ ಮೈ ಓಲಾಡುವುದು ಕಡಿಮೆ, ನೋಡಿ, ಹಾಗೆ. ಮ್ಯಾಲೆಟ್‌ನಲ್ಲಿ ತೂಕವನ್ನು ಹಿಂದಕ್ಕೂ ಹಂಚಬಹುದು, ಅದಕ್ಕೇ ಅದು ಇನ್ನೂ ಸ್ಥಿರ. ಹೊಸ ಮ್ಯಾಲೆಟ್‌ಗಳಲ್ಲಿ ಈ ಗುಣ ಹಳೇದಕ್ಕಿಂತ ಹೆಚ್ಚು. ಇದು ಜಾಹೀರಾತಿನ ಮಾತಲ್ಲ, ಅಳೆದು ತೋರಿಸಬಹುದಾದ ಸಂಗತಿ. ಮಗಳು ಕಳಿಸಿದ್ದು ಸುಮ್ಮನೆ ಅಲ್ಲ.

ಆದರೂ ಸರ್ ಹೇಳಿದ್ದರಲ್ಲಿ ಏನೋ ಇತ್ತು. ಅದು ಏನು ಅಂತ ಸರಿಯಾಗಿ ತಿಳಿಯಬೇಕಾದರೆ ನಾನು ಊರಿಗೆ ಹೋಗಬೇಕಾಯಿತು.

ಕಾಕಾನ ಸುತ್ತಿಗೆ

ನಮ್ಮ ಕಡೆಯವರಿಗೆ ಶಹಾಬಾದ್ ಕಲ್ಲಿನ ಬಗ್ಗೆ ಹೇಳುವುದು ಬೇಕಿಲ್ಲ. ಫರಸಿ ಅಂದರೆ ಸಾಕು. ಬೇರೆ ಕಡೆಯ ಓದುಗರಿಗೆ ಮಾತ್ರ: ಭೀಮಾ, ಕಾಗಿಣಾ ನದಿಗಳ ಈ ಸೀಮೆಯಲ್ಲಿ ನೆಲದಡಿ ಸುಣ್ಣದ ಕಲ್ಲು ಪದರು ಪದರಾಗಿ ಕೂತಿದೆ, ರೊಟ್ಟಿ ಒಂದರ ಮೇಲೊಂದು ಇಟ್ಟ ಹಾಗೆ. ಅದೇ ಕಲ್ಲನ್ನು ಪುಡಿ ಮಾಡಿ ಸುಟ್ಟರೆ ವಾಡಿ, ಸೇಡಂ, ಮಳಖೇಡದ ಸಿಮೆಂಟ್. ಪದರು ಬಿಡಿಸಿ ಹಾಸಿದರೆ ಫರಸಿ. ಮುಂಬೈ, ಪುಣೆ, ಹೈದರಾಬಾದಿನ ಎಷ್ಟೋ ಹಳೇ ಮನೆಗಳ ನೆಲ ನಮ್ಮೂರಿನ ಕಲ್ಲು.

ನಮ್ಮ ಕಾಕಾ ನಲವತ್ತು ವರ್ಷ ಈ ಕಲ್ಲು ಬಿಡಿಸಿದವರು. ಅವರ ಕೈಯಲ್ಲಿ ಒಂದೇ ಸುತ್ತಿಗೆ. ಕಾವು ಎಷ್ಟು ಸಲ ಬದಲಾಗಿದೆಯೋ ಲೆಕ್ಕ ಇಲ್ಲ, ತಲೆ ಮಾತ್ರ ಅದೇ. ಹೊಡೆದು ಹೊಡೆದು ಒಂದು ಕಡೆ ಅಣಬೆಯ ಹಾಗೆ ಅಗಲವಾಗಿದೆ. ಎರಡು ವರ್ಷದಿಂದ ಕಾಕಾನಿಗೆ ಭುಜದ ನೋವು. ಕೈ ಮೇಲೆ ಎತ್ತಲು ಆಗಲ್ಲ. ಈಗ ಅವರ ಮಗ, ಅಂದರೆ ನನ್ನ ತಮ್ಮ, ಕರೆಂಟಿನ ಕಟರ್ ತಂದಿದ್ದಾನೆ. ಮನೆಮುಂದೆಯೇ ಸಣ್ಣ ವ್ಯಾಪಾರ. ಗೆರೆ ಎಳೆದ ಹಾಗೆ ನೇರ ಅಂಚು ಬರುತ್ತದೆ, ಒಂದು ದಿನದ ಕೆಲಸ ಒಂದು ತಾಸಿನಲ್ಲಿ ಮುಗಿಯುತ್ತದೆ. ಗಿರಾಕಿಗೆ ಬೇಕಾದದ್ದೂ ಅದೇ. ವಿಟ್ರಿಫೈಡ್ ಟೈಲ್ಸ್ ಎದುರು ಫರಸಿ ನಿಲ್ಲಬೇಕಾದರೆ ಅಂಚು ನೇರ ಇರಲೇಬೇಕು.

ಹೋದ ದೀಪಾವಳಿಗೆ ನಾನು ಹೋದಾಗ ಮನೆಯಲ್ಲಿ ಇದೇ ಜಗಳ. ತಮ್ಮ ಹಳೇ ಸಾಮಾನೆಲ್ಲ ಗುಜರಿಗೆ ಹಾಕಲು ಕಟ್ಟಿಟ್ಟಿದ್ದ. ಸುತ್ತಿಗೆ, ಉಳಿ, ಹಾರಿ.

“ಅಣ್ಣಾ, ನೀನರ ಹೇಳು ಅಪ್ಪಗ. ಭುಜ ಹಿಂಗಾಗ್ಯದ, ಇನ್ನೂ ಅದನ್ನ ಹಿಡ್ಕೊಂಡು ಕೂಡ್ತಾನ. ಮಷಿನ್ ಎಲ್ಲಾ ಮಾಡ್ತದ.”

ಕಾಕಾ ತಲೆ ಎತ್ತಲಿಲ್ಲ. “ಮಷಿನ್ ಕೊಯ್ತದ, ತಮ್ಮಾ. ಕೇಳಂಗಿಲ್ಲ.”

ನನಗೆ ಅರ್ಥವಾಗಲಿಲ್ಲ. ಆಗ ಅವರು ಎದ್ದು ಗೋಡೆಗೆ ಆನಿಸಿಟ್ಟಿದ್ದ ಎರಡು ಹಾಸುಗಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ತೋರಿಸಿದರು. ಒಂದು “ಟಣ್” ಅಂದಿತು. ಇನ್ನೊಂದು “ಥಪ್”. ನೋಡಲು ಎರಡೂ ಒಂದೇ. ಎರಡನೆಯದರ ಒಳಗೆ ಕೂದಲೆಳೆಯಷ್ಟು ಬಿರುಕು ಇದೆ ಅಂದರು. ಹೋದ ತಿಂಗಳು ಅಂಥದ್ದೇ ಕಲ್ಲುಗಳನ್ನು ತಮ್ಮ ಕಟರ್‌ನಲ್ಲಿ ಚೆಂದ ಕೊಯ್ದು ಚಿತ್ತಾಪುರದ ಒಂದು ಮನೆಗೆ ಕಳಿಸಿದ್ದನಂತೆ. ಹಾಸುವಾಗ ಏಳು ಕಲ್ಲು ಎರಡು ತುಂಡು. ದುಡ್ಡೂ ಹೋಯಿತು, ಗಿರಾಕಿಯೂ ಹೋದ. ಆ ಮಾತು ಬಂದಾಗ ತಮ್ಮ ಸುಮ್ಮನಾದ.

“ಹೊಸ ಸುತ್ತಿಗೀಲೆ ಬಡದ್ರ ಗೊತ್ತಾಗಂಗಿಲ್ಲೇನು ಕಾಕಾ?” ಅಂತ ನಾನೇ ಕೇಳಿದೆ.

“ಗೊತ್ತಾಗ್ತದ. ಯಾಕ ಗೊತ್ತಾಗಂಗಿಲ್ಲ? ಖರೆ, ಅದರ ದನಿ ನನಗ ಹೊಸದು. ಕಲ್ಲು ಮಾತಾಡ್ತೋ, ಸುತ್ತಿಗಿ ಮಾತಾಡ್ತೋ ಅನ್ನೋದು ತಿಳೀಲಿಕ್ಕೆ ಒಂದು ವರ್ಷ ಬೇಕು. ನನ್ನ ಭುಜಕ್ಕ ಅಷ್ಟು ವ್ಯಾಳ್ಯಾ ಇಲ್ಲ.”

ಮೈದಾನದ ಸರ್ ಹೇಳಿದ್ದು ನನಗೆ ಆಗ ತಿಳಿಯಿತು. ಪಟರ್ ಹಿಡಿದವರಿಗೂ ಸುತ್ತಿಗೆ ಹಿಡಿದವರಿಗೂ ಬೇಕಾದದ್ದು ಒಂದೇ: ತಾಗಿದ ಕೂಡಲೇ ಬರುವ ಸುದ್ದಿ. ಸಾವಿರಾರು ಸಲ ಅದೇ ತೂಕ, ಅದೇ ಹಿಡಿ, ಅದೇ ಸದ್ದು ಕೇಳಿದ ಮೇಲೆ ಉಪಕರಣ ಲೆಕ್ಕದಿಂದ ಹೊರಗೆ ಹೋಗುತ್ತದೆ. ಸದ್ದಿನಲ್ಲಿ ಏನಾದರೂ ವ್ಯತ್ಯಾಸ ಬಂದರೆ ಅದು ಕಲ್ಲಿನದ್ದು, ಇಲ್ಲವೇ ನನ್ನ ಕೈಯದ್ದು. ಸುತ್ತಿಗೆಯದ್ದಂತೂ ಅಲ್ಲ. ಕೋಡ್ ಬರೆಯುವವರಿಗೆ ಇದು ಬೇಗ ತಿಳಿಯುತ್ತದೆ. ಒಂದೇ ಸಲ ಹತ್ತು ಕಡೆ ಬದಲಾಯಿಸಿದರೆ ಬಗ್ ಎಲ್ಲಿಂದ ಬಂತು ಅಂತ ಯಾರು ಹೇಳಬೇಕು?

ಹೊಸ ಪಟರ್ ಹಿಡಿದ ತಿಂಗಳಿನಲ್ಲಿ ಸರ್‌ಗೆ ಆದದ್ದು ಅದೇ. ಕೈಯೂ ಬದಲಾಗುತ್ತಿದೆ, ಕೋಲೂ ಬದಲಾಯಿತು. ತಪ್ಪು ಯಾವುದರದ್ದು ಅಂತ ಹಿಡಿಯಲು ಆಗಲಿಲ್ಲ. ಈ ವಯಸ್ಸಿನಲ್ಲಿ ಅವರಿಗೆ ತಮ್ಮ ಕೈಯ ಸುದ್ದಿ ಬೇಕು, ದಿನಾ ಬೇಕು. ಹಳೇ ಪಟರ್ ಅದನ್ನು ಕೊಡುತ್ತದೆ.

ಹಾಗಂತ ಎಲ್ಲವೂ ಹಳೇದೇ ಇರಲಿ ಅಂತಲ್ಲ

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಅದೇ ಗಾಲ್ಫಿನಲ್ಲಿ ದೂರ ಹೊಡೆಯುವ ಡ್ರೈವರ್ ಇದೆ. ಮೊದಲು ಅದರ ತಲೆ ಪರ್ಸಿಮನ್ ಮರದ್ದು. ನಮ್ಮ ಕಡೆ ಕಾಡಿನಲ್ಲಿ ಸಿಗುವ ಬೀಡಿ ಎಲೆಯ ಮರ ಇದೆಯಲ್ಲ, ಅದೇ ಕುಲದ ಮರ. ಲೋಹದ ಡ್ರೈವರ್ ಬಂದ ಮೇಲೆ ಅದು ದೊಡ್ಡ ಪಂದ್ಯಗಳಿಂದ ಪೂರ್ತಿ ಮಾಯವಾಯಿತು. ಯಾಕೆಂದರೆ ಅಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ. ಚೆಂಡು ಹತ್ತಿಪ್ಪತ್ತು ಗಜ ಮುಂದೆ ಬೀಳುತ್ತದೆ. ಪ್ರೀತಿ ಎಷ್ಟೇ ಇದ್ದರೂ ಮರದ ಡ್ರೈವರ್ ಇವತ್ತು ಗೋಡೆಗೆ ನೇತುಹಾಕುವ ವಸ್ತು.

ಪಟರ್ ಹಾಗಲ್ಲ. ಅದರ ಕೆಲಸ ನೂರು ವರ್ಷದಿಂದ ಬದಲಾಗಿಲ್ಲ. ಚೆಂಡನ್ನು ಮೂರು ಮೀಟರ್ ನೇರ ಉರುಳಿಸು, ಅಷ್ಟೇ. ಟೈಗರ್ ವುಡ್ಸ್ ಗೆದ್ದ 15 ಮೇಜರ್ ಪಂದ್ಯಾವಳಿಗಳಲ್ಲಿ 14 ಒಂದೇ ಪಟರ್‌ನಲ್ಲಿ ಗೆದ್ದದ್ದು. 1999ರಿಂದ ಕೈಯಲ್ಲಿದ್ದ ಬ್ಲೇಡ್ ಅದು. ಅಷ್ಟು ವರ್ಷದಲ್ಲಿ ಅವರ ಡ್ರೈವರ್ ಎಷ್ಟು ಸಲ ಬದಲಾಯಿತೋ!

ಆದರೆ ಪಟರ್ ಬದಲಾಯಿಸಿ ಗೆದ್ದವರೂ ಇದ್ದಾರೆ. ಸ್ಕಾಟಿ ಶೆಫ್ಲರ್ 2024ರ ಶುರುವಿನಲ್ಲಿ ಜಗತ್ತಿನ ನಂಬರ್ ಒನ್. ಆದರೂ ಗ್ರೀನ್ ಮೇಲೆ ಬಂದರೆ ಪರದಾಡುತ್ತಿದ್ದರು. ಅವರು ಮ್ಯಾಲೆಟ್ ಒಮ್ಮೆ ಹಿಡಿದು ನೋಡಲಿ ಅಂತ ರೋರಿ ಮೆಕಿಲ್ರಾಯ್ ಟಿವಿಯಲ್ಲೇ ಹೇಳಿದರು. ಮಾರ್ಚ್‌ನಲ್ಲಿ ಶೆಫ್ಲರ್ ಮ್ಯಾಲೆಟ್ ಹಿಡಿದರು. ಆ ವಾರವೇ ಐದು ಹೊಡೆತದ ಅಂತರದಲ್ಲಿ ಗೆದ್ದರು. ಮುಂದಿನ ವಾರ ಇನ್ನೊಂದು ದೊಡ್ಡ ಪಂದ್ಯಾವಳಿ, ಏಪ್ರಿಲ್‌ನಲ್ಲಿ ಮಾಸ್ಟರ್ಸ್. ಅವರ ಬಳಿ ಹಳೇದನ್ನು ಬಿಡಲು ಕಾರಣ ಇತ್ತು. ಹಳೇ ಪಟರ್ ಅವರಿಗೆ ತಿಂಗಳುಗಟ್ಟಲೆ ಕೆಟ್ಟ ಸುದ್ದಿಯನ್ನೇ ಕೊಡುತ್ತಿತ್ತು, ಅವರು ಅದನ್ನು ಕೇಳಿಸಿಕೊಂಡರು.

ಹಳೇ ವಸ್ತುವಿನ ಮೇಲಿನ ಪ್ರೀತಿ ಕೆಡುವುದು ಇಲ್ಲಿಯೇ ಅಂತ ನನಗೆ ಅನಿಸುತ್ತದೆ. ಅದು ಕೊಡುವ ಸುದ್ದಿ ಕೇಳಲು ಇಷ್ಟವಿಲ್ಲದೆ, ಬರೀ ಅಭ್ಯಾಸಕ್ಕೆ ಹಿಡಿದುಕೊಂಡು ಕೂತರೆ ಅದು ಪ್ರೀತಿ ಅಲ್ಲ, ಹಟ. ಹೊಸದರ ಹುಚ್ಚೂ ಅಷ್ಟೇ. ತಪ್ಪು ಕೈಯದ್ದು ಅಂತ ಒಪ್ಪಲು ಆಗದೆ ಕೋಲಿನ ಮೇಲೆ ಹಾಕಿ, ಪ್ರತಿ ವರ್ಷ ಕಾರ್ಡ್ ಉಜ್ಜಿ ಇಎಂಐ ಕಟ್ಟುವುದು.

ಸರ್ ಮಾಡಿದ್ದು ನನಗೆ ಹಿಡಿಸಿತು. ಮಗಳಿಗೆ ಬೇಜಾರು ಆಗದ ಹಾಗೆ ಫೋನ್ ಮಾಡಿ ಕೂತು ಮಾತಾಡಿದರಂತೆ. “ನೀನು ನೋಡಿದ್ದು ಸರಿ, ಕೈ ನಡುಗುತ್ತೆ. ಆದರೆ ತೊಂದರೆ ಇರೋದು ಹಿಡಿಯಲ್ಲಿ, ತಲೆಯಲ್ಲಿ ಅಲ್ಲ” ಅಂದರಂತೆ. ಹಳೇ ಪಟರ್‌ಗೇ ದಪ್ಪ ಹಿಡಿ ಹಾಕಿಸಿಕೊಂಡರು. ದಪ್ಪ ಹಿಡಿಯಿದ್ದರೆ ಮಣಿಕಟ್ಟು ಕಡಿಮೆ ಆಡುತ್ತದೆ. ಈಗ ಕೈ ನಡುಕದ ಬಗ್ಗೆ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದಾರೆ. ಹೋಗಲು ಧೈರ್ಯ ಕೊಟ್ಟದ್ದೂ ಆ ಪಟರೇ ಅಂತಾರೆ. ವಾರ ವಾರ ಸದ್ದು ಬದಲಾಗುತ್ತಿತ್ತಂತೆ. ಬೇರೆ ನೆಪ ಹೇಳಿಕೊಳ್ಳಲು ಜಾಗವೇ ಉಳಿಯಲಿಲ್ಲ ಅಂದರು.

ಶಹಾಬಾದಿನ ಮನೆಯಲ್ಲೂ ಒಂದು ದಾರಿ ಸಿಕ್ಕಿದೆ. ನೇರ ಅಂಚು ಕೊಯ್ಯುವುದು, ಭಾರ ಎತ್ತುವುದು ಎಲ್ಲ ತಮ್ಮನ ಪಾಲು, ಮಷಿನ್ ಪಾಲು. ಗಾಡಿಯಿಂದ ಕಲ್ಲು ಇಳಿದ ಕೂಡಲೇ ಮೊದಲು ಕಾಕಾ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದಕ್ಕೂ ಮೆಲ್ಲಗೆ ಬಡಿಯುತ್ತಾರೆ. ಅದಕ್ಕೆ ಭುಜ ಎತ್ತುವುದು ಬೇಕಿಲ್ಲ. “ಥಪ್” ಅಂದದ್ದನ್ನು ಬೇರೆ ಇಡುತ್ತಾರೆ. ಕಾವನ್ನು ಅರ್ಧ ಅಡಿ ಗಿಡ್ಡ ಮಾಡಿಸಿದ್ದಾರೆ, ಕೂತು ಹಿಡಿಯಲು ಹಗುರ. ತಮ್ಮನೂ ಈಗ ದಿನಾ ಬೆಳಿಗ್ಗೆ ಹತ್ತು ಕಲ್ಲು ಅದೇ ಸುತ್ತಿಗೆಯಲ್ಲಿ ಬಡಿದು, ಮೊದಲು ತಾನು ಹೇಳಿ ಆಮೇಲೆ ಅಪ್ಪನನ್ನು ಕೇಳುತ್ತಾನಂತೆ. ಹೋದ ವಾರ ಫೋನ್ ಮಾಡಿದಾಗ ಹತ್ತರಲ್ಲಿ ಆರು ಬರೋಬ್ಬರಿ ಬಂದಿತ್ತು.

ನಿಮಗೊಂದು ಸಣ್ಣ ಕೆಲಸ

ನೀವು ಗಾಲ್ಫ್ ಆಡುವವರಾದರೆ, ಅಥವಾ ಆಫೀಸಿನವರ ಜೊತೆ ಹೋಗಿ ಈಗಷ್ಟೇ ರುಚಿ ಹತ್ತಿದ್ದರೆ, ಹೊಸ ಪಟರ್‌ಗೆ ದುಡ್ಡು ಹಾಕುವ ಮುಂಚೆ ಹೀಗೆ ಮಾಡಿ. ಇರುವ ಪಟರ್ ಅನ್ನು ಒಂದು ಬೆರಳ ಮೇಲೆ ಅಡ್ಡಡ್ಡ ಇಟ್ಟು ತೂಗಿ ನೋಡಿ. ಅದರ ಮುಖ ಆಕಾಶ ನೋಡುತ್ತಿದ್ದರೆ, ಕೋಲನ್ನು ನೇರ ಹಿಂದಕ್ಕೆ, ನೇರ ಮುಂದಕ್ಕೆ ಆಡಿಸುವವರಿಗೆ ಅದು ಹೊಂದುತ್ತದೆ. ಹೆಚ್ಚಿನ ಮ್ಯಾಲೆಟ್‌ಗಳು ಹಾಗಿರುತ್ತವೆ. ಮೂತಿ ಕೆಳಕ್ಕೆ ಜೋತುಬಿದ್ದರೆ, ಸ್ವಲ್ಪ ಕಮಾನಿನ ಹಾಗೆ ಆಡಿಸುವ ಕೈಗೆ ಅದು ಸರಿ. ನಿಮ್ಮ ಕೈ ಯಾವುದು ಅಂತ ಫೋನ್‌ನಲ್ಲಿ ವಿಡಿಯೋ ತೆಗೆದರೆ ಕಾಣುತ್ತದೆ. ಎರಡೂ ಹೊಂದಿದರೆ ಅದನ್ನೇ ಆರು ತಿಂಗಳು ಬಿಡದೆ ಆಡಿ. ಕಣ್ಣು ಮುಚ್ಚಿ ಹೊಡೆದರೂ ಚೆಂಡು ಎಲ್ಲಿಗೆ ತಾಗಿತು ಅಂತ ಸದ್ದಿನಿಂದಲೇ ಹೇಳುವ ತನಕ. ಹೊಂದದಿದ್ದರೆ ಬದಲಾಯಿಸಿ, ಸಂಕೋಚ ಬೇಡ.

ಗಾಲ್ಫ್ ಆಡದವರಿಗೂ ಈ ಮಾತು ಸಲ್ಲುತ್ತದೆ. ಸೇಡಂನಲ್ಲಿ ಅವ್ವನ ರೊಟ್ಟಿ ಹಂಚು, ಚಿಂಚೋಳಿಯಲ್ಲಿ ಹೊಲದ ಕುರ್ಪಿ, ವಾಡಿಯ ಗ್ಯಾರೇಜಿನಲ್ಲಿ ಹಳೇ ಪಾನಾ, ಚಿತ್ತಾಪುರದ ಟೇಲರ್ ಅಂಕಲ್‌ನ ಕಾಲಿನ ಮಷಿನ್. ಈ ಸಲ ಊರಿಗೆ ಹೋದಾಗ “ಇದನ್ನ ಯಾಕ ಇನ್ನೂ ಇಟ್ಕೊಂಡೀರಿ, ಹೊಸದು ಆನ್‌ಲೈನ್ ಹಾಕ್ತೀನಿ” ಅನ್ನುವ ಮುಂಚೆ ಒಂದು ಮಾತು ಕೇಳಿ: “ಇದು ನಿಮಗ ಏನ್ ಹೇಳ್ತದ?” ಉತ್ತರ ಬಂದರೆ ವಸ್ತು ಇರಲಿ. ಉತ್ತರ ಬರಲಿಲ್ಲ ಅಂದರೆ, ಮೈಕೈ ನೋವಿದ್ದೂ ಸುಮ್ಮನೆ ತಿಕ್ಕಾಡುತ್ತಿದ್ದಾರೆ ಅಂದರೆ, ಧಾರಾಳ ಹೊಸದು ತರಿಸಿ ಕೊಡಿ. ಅವರಿಗೂ ಬೇಕಾಗಿರಬಹುದು, ಕೇಳಲು ನಾಚಿಕೆ ಇರಬಹುದು.

ನಿಮ್ಮ ಮನೆಯಲ್ಲಿ ಅಂಥ ವಸ್ತು ಯಾವುದಿದೆ, ಅದು ಏನು ಹೇಳುತ್ತದೆ ಅಂತ ನಾಲ್ಕು ಸಾಲು ಬರೆದು ಕಳಿಸಿ. ಗುಜರಿಗೆ ಹಾಕಿ ಆಮೇಲೆ ಹುಡುಕಿದವರ ಅನುಭವವೂ ಬರಲಿ. ಮುಂದಿನ ವಾರ ಸಿಗೋಣ.